ಹಳಿಯ ಮೇಲಿನ ಹೊಸಬ



ಭಾಲ್ಕಿಯ ನಿಲ್ದಾಣಕ್ಕೆ ರೈಲು ಬಂದು ನಿಂತಾಗ, "ಎಂಜಿನ್ನಿಗೆ ದಣಿವಾಗಿದೆಯೇ?" ಎಂದು ಮಗುವೊಂದು ಕೇಳಿದರೆ ನಾವು ನಗುತ್ತೇವೆ. 1865ರಲ್ಲಿ ಮುಂಬಯಿಯಲ್ಲಿ ಜನಿಸಿದ ರಡ್ಯಾರ್ಡ್ ಕಿಪ್ಲಿಂಗರು ನಗಲಿಲ್ಲ. 1897ರಲ್ಲಿ ಪ್ರಕಟವಾದ '.007' ಎಂಬ ಸಣ್ಣಕತೆಯಲ್ಲಿ ಅವರು ಉಗಿಬಂಡಿಗಳಿಗೆ ಮಾತನ್ನೂ ಗರ್ವವನ್ನೂ ಭಯವನ್ನೂ ಕೊಟ್ಟರು. ಅದು ಗೂಢಚಾರನ ಸಂಖ್ಯೆಯಲ್ಲ, ಬಣ್ಣವಿನ್ನೂ ಆರದ ಹೊಸ ಎಂಜಿನ್ನಿನ ಸಂಖ್ಯೆ.

ಆ ಹೊಸಬನನ್ನು ಹಳೆಯ ಎಂಜಿನ್ನುಗಳು ಕೆಣಕುತ್ತವೆ. ಭಾರದ ಸರಕು ಎಳೆಯುವ 'ಮೊಗಲ್' ಅವನನ್ನು ಕಡೆಗಣಿಸುತ್ತದೆ. ಅದೇ ರಾತ್ರಿ ಒಂದು ಹಂದಿಮರಿಯ ದೆಸೆಯಿಂದ ಮೊಗಲ್ ಹಳಿ ತಪ್ಪಿ ಉರುಳುತ್ತದೆ. ನೆರವಿನ ಗಾಡಿಯನ್ನು ಎಳೆದುಕೊಂಡು, ನಡುಗುತ್ತಲೇ ಓಡುವವನು ಆ ಹೊಸಬ. ಕೊನೆಗೆ ಎಂಜಿನ್ನುಗಳ ಬಳಗ ಅವನನ್ನು ಸಹೋದರನೆಂದು ಒಪ್ಪಿಕೊಳ್ಳುತ್ತದೆ.

ನಾನು ಗುರುಮಠಕ್ಕೆ ಸೇರಿದ ವರ್ಷ ಸಹಪಾಠಿಗಳು ನನ್ನ ಮಾತಿನ ಧಾಟಿಯನ್ನು ಅಣಕಿಸಿದ್ದರು, ರಾತ್ರಿ ಅತ್ತಿದ್ದೆ. ಮರುವರ್ಷ ಬಂದ ಹೊಸ ಹುಡುಗನನ್ನು ಅಣಕಿಸಿದವರ ಸಾಲಿನಲ್ಲಿ ನಾನೂ ಇದ್ದೆ. ಪೆಟ್ಟು ತಿಂದವನು ಕರುಣೆ ಕಲಿತೇ ತೀರುತ್ತಾನೆಂಬ ನಂಬಿಕೆ ಅಂದು ನನ್ನಲ್ಲಿ ಸುಳ್ಳಾಯಿತು.

ಆದುದರಿಂದ ಕತೆಯ ಸುಖಾಂತ್ಯ ನನಗೆ ಪೂರ್ಣ ಸಮಾಧಾನ ಕೊಡುವುದಿಲ್ಲ. ಆ ರಾತ್ರಿ ಅಪಘಾತವೇ ಆಗದಿದ್ದರೆ? ತನ್ನ ಬಲ ತೋರುವ ಅವಕಾಶ ಹೊಸಬನಿಗೆ ಸಿಗದಿದ್ದರೆ, ಅವನು ಸಹೋದರನಾಗುತ್ತಿರಲಿಲ್ಲವೇ? ಎಂಜಿನ್ನನ್ನು ಅದು ಎಳೆಯುವ ಭಾರದಿಂದ ಅಳೆಯುವುದು ತಪ್ಪಲ್ಲ. ಅದು ಅದಕ್ಕಾಗಿಯೇ ಹುಟ್ಟಿದೆ. ಆದರೆ ಹಾಸಿಗೆ ಹಿಡಿದ ತಾಯಿ ಯಾವ ಗಾಡಿಯನ್ನು ಎಳೆಯಬೇಕು? ಮಾತು ಬಾರದ ಮಗು ಯಾವ ಪರೀಕ್ಷೆಯಲ್ಲಿ ಗೆಲ್ಲಬೇಕು? ಕತೆಗಾರರು ಯಂತ್ರಕ್ಕೆ ಜೀವ ತುಂಬಿದರು. ನಾವು ಜೀವವಿರುವವರನ್ನು ಯಂತ್ರದಂತೆ ತೂಗುತ್ತೇವೆ.

ನಮ್ಮ ಜಿಲ್ಲೆಯ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು, ಬಂದವನು ಯಾರವನೆಂದು ವಿಚಾರಿಸುವ ಮೊದಲೇ ಅವನನ್ನು ಮನೆಯವನೆಂದು ಎಣಿಸಬೇಕೆಂದರು. ಅಲ್ಲಿ ಸ್ವೀಕಾರ ಮೊದಲು, ಸಾಮರ್ಥ್ಯದ ಮಾತು ಆಮೇಲೆ. ಉರುಳಿಬಿದ್ದ ಮೊಗಲ್‌ಗೂ ಬೇಕಾಗಿದ್ದುದು ಅದೇ ಅಲ್ಲವೇ? ಬಿದ್ದ ಗಳಿಗೆಯಲ್ಲಿ ಅದರ ಬಲ ಕೆಲಸಕ್ಕೆ ಬರಲಿಲ್ಲ. ಇನ್ನೊಬ್ಬರು ಬಂದದ್ದು ಕೆಲಸಕ್ಕೆ ಬಂತು.

2017ರ ಅಕ್ಟೋಬರ್ 29ರಂದು ಬೀದರ–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾಯಿತು. ಹೊಸ ಹಳಿ ಹೊಸಬರನ್ನು ತರುತ್ತದೆ: ವರ್ಗವಾಗಿ ಬಂದ ನೌಕರ, ಕೂಲಿ ಅರಸಿ ಬಂದ ಕುಟುಂಬ, ಬೇರೆ ನುಡಿಯ ವಿದ್ಯಾರ್ಥಿ. ಅವರು ನಿಮ್ಮ ಪಕ್ಕದ ಮನೆಗೆ ಬಂದಾಗ, ಏನು ಕೆಲಸ, ಎಷ್ಟು ಸಂಬಳ ಎಂದು ಕೇಳುವ ಮೊದಲು ಒಂದು ಲೋಟ ನೀರು ಕೊಟ್ಟು ನೋಡಿ.