ಶರತ್ಕಾಲದ ಹಿತ್ತಲೂ ನೆರೆಯವರ ಬಾವಿಯೂ

ಹಿತ್ತಲಿನಲ್ಲಿ ಕಾಯಿಪಲ್ಯದ ಬೀಜವನ್ನು ಯಾವಾಗ ಬಿತ್ತಬೇಕೆಂಬದು ಬೇಸಾಯದ ಪ್ರಶ್ನೆಯೇ ಹೊರತು ನೀತಿಯ ಪ್ರಶ್ನೆಯಲ್ಲವೆಂದು ಅನೇಕರು ನೆನಸುತ್ತಾರೆ. ಪ್ರಿಯ ವಾಚಕರೇ, ಅದು ನಿಜವೋ ಎಂದು ನಾವು ಸ್ವಲ್ಪ ವಿಚಾರಿಸೋಣ.

ನಮ್ಮ ಕಾರವಾರ ಅಂಕೋಲಾ ಸೀಮೆಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರು ಮಳೆ ಬೀಳುತ್ತದೆ. ಆದರೆ ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರದ ವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿದು, ಕಾಳಿ ಗಂಗಾವಳಿ ಹೊಳೆಗಳ ಮೂಲಕ ಸಮುದ್ರವನ್ನು ಸೇರುವದು. ಆ ಜಡಿಮಳೆಯಲ್ಲಿ ಮೂಲಂಗಿ ಹರಿವೆಗಳನ್ನು ಬಿತ್ತಿದರೆ ಬೀಜವು ಕೊಚ್ಚಿಹೋಗುವದು, ಮೊಳೆತ ಸಸಿಯ ಬೇರು ಕೊಳೆಯುವದು. ಬೇಸಿಗೆಯಲ್ಲಿ ಬಿತ್ತಿದರೆ ಬಿಸಿಲು ಸುಡುವದು. ಇವೆರಡರ ನಡುವೆ ಇರುವದು ಶರತ್ಕಾಲ. ಅಂದರೆ ಚಿತ್ತಾ ಸ್ವಾತಿ ಮಳೆಗಳು ಮುಗಿಯುತ್ತಾ ಬರುವ ಅಕ್ಟೋಬರ ನವೆಂಬರ ತಿಂಗಳುಗಳು. ಆಗ ಮಣ್ಣು ಹದವಾಗಿರುವದು, ಬಾವಿಯ ನೀರೂ ಮೇಲಿರುವದು. ಆದಕಾರಣ ಅಂಕೋಲೆಯ ಹಾಲಕ್ಕಿ ಒಕ್ಕಲಿಗರು ಭತ್ತ ಕೊಯ್ದ ಗದ್ದೆಯ ಹಸಿ ಆರುವ ಮೊದಲೇ ಮಡಿ ಮಾಡಿ ಬದನೆ, ಅಲಸಂದೆ, ಮೆಣಸು, ಗೆಣಸುಗಳನ್ನು ಬೆಳೆಯುತ್ತಾರೆ.

ಎಲ್ಲಾ ಗಿಡಗಳಿಗೂ ಇದೇ ಕಾಲವೆಂದು ನಾವು ಹೇಳುವದಿಲ್ಲ. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಅಂಕೋಲೆಯ ಕರಿ ಈಶಾಡು ಮಾವಿನಂಥ ಮರದ ಸಸಿಗೆ ಮಳೆಗಾಲದ ಆರಂಭವೇ ಲೇಸು. ಕೆಲವೇ ತಿಂಗಳುಗಳಲ್ಲಿ ಫಲ ಕೊಡುವ ಕಾಯಿಪಲ್ಯದ ಮಾತನ್ನೇ ನಾವು ಇಲ್ಲಿ ಆಡುತ್ತೇವೆ.

ಈಗ ನೀತಿಯ ಪ್ರಶ್ನೆಗೆ ಬರೋಣ. ಕೊಯ್ಲು ಮುಗಿಯಿತು, ಮೈ ದಣಿದಿದೆ. ಸಂಕ್ರಾಂತಿ ಕಳೆದ ಮೇಲೆ ಬಿತ್ತಿದರೇನು? ಎಂದು ಒಬ್ಬನು ಕೇಳಬಹುದು. ವಿಶ್ರಾಂತಿಯು ತಪ್ಪಲ್ಲ. ಆದರೂ ಲೆಕ್ಕವನ್ನು ನೋಡಿರಿ. ಶರತ್ಕಾಲದಲ್ಲಿ ಬಿತ್ತಿದವನ ಗಿಡವು ಮೊದಲು ಮಣ್ಣಿನ ತೇವವನ್ನೇ ಕುಡಿದು, ಬೇರನ್ನು ಕೆಳಗಿಳಿಸಿ, ಬಿಸಿಲೇರುವದರೊಳಗೆ ಫಲ ಕೊಡಲು ತೊಡಗುವದು. ತಡಮಾಡಿದವನ ಗಿಡವೋ ಏಪ್ರಿಲಿನ ಉರಿಯಲ್ಲಿ ಕಾಯಿ ಕಟ್ಟುತ್ತಾ ದಿನವೂ ನೀರನ್ನು ಬೇಡುವದು. ಆ ನೀರು ಎಲ್ಲಿಂದ ಬರಬೇಕು? ಬಾವಿಯ ಕಟ್ಟೆ ನಮ್ಮದಾದರೂ ಅದರ ಒರತೆಯು ನಮ್ಮ ಬೇಲಿಯನ್ನು ಅರಿಯದು. ನಾವು ಪಂಪು ಹಚ್ಚಿ ಎಳೆದ ಹಾಗೆಲ್ಲಾ ನೆರೆಮನೆಯ ಬಾವಿಯೂ ಇಳಿಯುವದು. ಅಳಿವೆಯ ಬಳಿಯಲ್ಲಿಯಾದರೆ, ಸಿಹಿನೀರು ತಗ್ಗಿದ ಕಡೆಗೆ ಉಪ್ಪುನೀರು ಒಳಹೊಗುವದು. ಹೀಗೆ ಒಬ್ಬನ ಆಲಸ್ಯದ ಬೆಲೆಯನ್ನು ಬೇರೊಬ್ಬಳು ದೂರದಿಂದ ಕೊಡ ಹೊತ್ತು ತೀರಿಸಬೇಕಾಗುವದು.

ಆದರೆ ಆ ದಿವಸಗಳಲ್ಲಿ ಪರರ ಗದ್ದೆಯಲ್ಲಿ ಕೂಲಿಗೆ ಕೊಯ್ಯುವವರಿಗೆ ತಮ್ಮ ಹಿತ್ತಲಿಗೆ ಬಿಡುವೆಲ್ಲಿ? ಅವರು ತಡಮಾಡಿದರೆ ಅದು ಆಲಸ್ಯವಲ್ಲ. ಅವರನ್ನು ಯಾರೂ ನಿಂದಿಸಬಾರದು. ಬಿಡುವುಳ್ಳ ನಾವು ಬದನೆ ಮೆಣಸುಗಳ ಬೀಜವನ್ನು ಎರಡು ಹಿಡಿ ಹೆಚ್ಚಾಗಿ ಚೆಲ್ಲಿ, ಸಸಿಗಳನ್ನು ಅವರಿಗೆ ಕೊಟ್ಟರೆ ಅವರಿಗೆ ಸುಮಾರು ಒಂದು ತಿಂಗಳು ಉಳಿಯುವದು, ಬೇಸಿಗೆಯಲ್ಲಿ ಬಾವಿಯ ನೀರೂ ಉಳಿಯುವದು.

ಹೀಗಿರಲಾಗಿ, ಬಿತ್ತುವ ಕಾಲವು ನೀತಿಯ ಪ್ರಶ್ನೆಯೂ ಆಗಿದೆ. ಸ್ವಾತಿ ಮಳೆ ನಿಲ್ಲುವ ಮೊದಲು ಗುದ್ದಲಿಯನ್ನು ಹೊರಗೆ ತೆಗೆಯಿರಿ.