ನೋಡದವರ ಪಾಲು

ನೋಡಿದರೆ ತಾನೇ ಪ್ರೀತಿ ಹುಟ್ಟುವುದು, ಪ್ರೀತಿ ಇದ್ದರೆ ತಾನೇ ಉಳಿಸಿಕೊಳ್ಳುವುದು? ಕಾಡು-ಬೆಟ್ಟಗಳಿಗೆ ಜನ ಹೋಗಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಈ ಮಾತು ಬಂದೇ ಬರುತ್ತದೆ. ಆಗೆಲ್ಲ ನನಗೆ ನೆನಪಾಗುವುದು ಅಮೆರಿಕದ ಒಂದು ಪುಟ್ಟ ಹಳದಿ ಹೂವು, ರಾಬಿನ್ಸ್ ಸಿಂಕ್‌ಫಾಯಿಲ್.

ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಎತ್ತರದ ಬೆಟ್ಟಗಳಲ್ಲಿ, ಮರ ಬೆಳೆಯದ ಬೋಳು ಕಲ್ಲುನೆಲದಲ್ಲಿ ಇದರ ವಾಸ. ಮೌಂಟ್ ವಾಷಿಂಗ್ಟನ್ ಶಿಖರದ ಹತ್ತಿರವಿರುವ ಮುಖ್ಯ ನೆಲೆಯ ವಿಸ್ತಾರ ಸುಮಾರು ಒಂದು ಹೆಕ್ಟೇರ್. ಗಿಡ ನಾಣ್ಯದಷ್ಟು ಅಗಲವಾಗಿ ನೆಲಕ್ಕೆ ಅಂಟಿಕೊಂಡಿರುತ್ತದೆ. ಬೇರು ಮಾತ್ರ ಆಳಕ್ಕೆ ಇಳಿದಿರುತ್ತದೆ. ಆ ಶಿಖರದ ಮೇಲೆ 1934ರಲ್ಲಿ ಗಂಟೆಗೆ 372 ಕಿ.ಮೀ. ವೇಗದ ಗಾಳಿ ದಾಖಲಾಗಿದೆ. ಅಂಥ ಗಾಳಿಯ ನೆರೆಯಲ್ಲಿ ಬದುಕಿದ ಗಿಡ ಮನುಷ್ಯನ ಬೂಟಿಗೆ ಸೋಲತೊಡಗಿತು. ಕ್ರಾಫರ್ಡ್ ಕಾಲುದಾರಿ ಅದರ ನೆಲೆಯ ನಡುವೆಯೇ ಹಾಯುತ್ತಿತ್ತು. ಸಾಲದ್ದಕ್ಕೆ 19ನೇ ಶತಮಾನದ ಸಸ್ಯಸಂಗ್ರಾಹಕರು ಅಪರೂಪದ್ದೆಂದೇ ಅದನ್ನು ಕಿತ್ತು, ಒಣಗಿಸಿ, ಕಾಗದಕ್ಕೆ ಅಂಟಿಸಿದ್ದರು. ಇವರಲ್ಲಿ ಯಾರೂ ಹೂವಿನ ಶತ್ರುಗಳಲ್ಲ. ಎಲ್ಲರೂ ಬೆಟ್ಟದ ಮೇಲಿನ ಪ್ರೀತಿಯಿಂದಲೇ ಹತ್ತಿದವರು.

1980ರಲ್ಲಿ ಗಿಡ ಅಳಿವಿನಂಚಿನ ಪಟ್ಟಿ ಸೇರಿತು. ಕಾಲುದಾರಿಯನ್ನು ಪಕ್ಕಕ್ಕೆ ಸರಿಸಿದರು, ತಗ್ಗು ಕಲ್ಲುಗೋಡೆ ಕಟ್ಟಿದರು, ಒಳಗೆ ಕಾಲಿಡದಂತೆ ನಿರ್ಬಂಧಿಸಿದರು. 2002ರಲ್ಲಿ ಅದನ್ನು ಪಟ್ಟಿಯಿಂದ ತೆಗೆಯುವ ಹೊತ್ತಿಗೆ ಗಿಡಗಳ ಎಣಿಕೆ 14,000 ದಾಟಿತ್ತು.

ಇಲ್ಲಿ ಒಂದು ತಕರಾರು ಏಳುತ್ತದೆ. ಮೊದಲು ಬಂದವರು ಕಣ್ತುಂಬ ನೋಡಿಕೊಂಡರು. ಹಿಂದೆ ಬಂದವರಿಗೆ ಬಾಗಿಲು ಮುಚ್ಚಿತು. ಇದು ನ್ಯಾಯವೇ? ಅಲ್ಲ ಎಂದೇ ನನಗನ್ನಿಸುತ್ತದೆ. ಆದರೆ ಈ ಅನ್ಯಾಯ ಸರಿಪಡಿಸಲು ಎಲ್ಲರಿಗೂ ಒಂದೊಂದು ಹೆಜ್ಜೆ ಹಂಚಿದರೆ, ಕೊನೆಯವನ ಪಾಲಿಗೆ ಬರೀ ಕಲ್ಲು ಉಳಿಯುತ್ತದೆ. ಮೇಲಾಗಿ ಈ ವ್ಯಾಜ್ಯದಲ್ಲಿ ಗಿಡವೂ ಒಬ್ಬ ಕಕ್ಷಿದಾರ. ನಾನು ಕಳೆದುಕೊಳ್ಳುವುದು ಒಂದು ನೋಟ, ಅದು ಕಳೆದುಕೊಳ್ಳುವುದು ತನ್ನ ಕುಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹಾಗೆಂದು ನೋಟ ವ್ಯರ್ಥವಲ್ಲ. ಗಿಡ ಕಡಿಮೆಯಾಗುತ್ತಿದೆ ಎಂದು ಗುರುತಿಸಿದವರೂ ನೋಡಿದವರೇ. ನೋಡಿದವರ ಮೇಲೊಂದು ಋಣ ಬೀಳುತ್ತದೆ. ದಾರಿಯನ್ನು ಬಳಸಿ ಹೋಗುವುದು ಅದನ್ನು ತೀರಿಸುವ ಒಂದು ರೀತಿ.

ನೋಡದ ನಮಗೆ ಏನು ಉಳಿಯಿತು? ನಾನು ಈ ಹೂವನ್ನು ನೋಡಿಲ್ಲ, ನೋಡುವುದೂ ಇಲ್ಲ. ಮುತ್ತಜ್ಜಿಯನ್ನೂ ನೋಡಿಲ್ಲ, ಮರಿಮಕ್ಕಳ ಮಕ್ಕಳನ್ನೂ ನೋಡಲಾರೆ. ಆದರೂ ಅವರು ನನ್ನವರಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.