ಕಾಳಗಕ್ಕೆ ಇಳಿಯದವರ ಪಾಲು

ಯುದ್ಧದಲ್ಲಿ ಆಯುಧ ಹಿಡಿಯುವವರು ಕೆಲವರು. ಅವರನ್ನು ಹರಸಿ ಕಳಿಸುವವರು, ಬುತ್ತಿ ಕಟ್ಟುವವರು, ಜಯಕಾರ ಹಾಕುವವರು, ಗೆಲುವಿಗಾಗಿ ಹರಕೆ ಹೊರುವವರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕಾಳಗಕ್ಕೆ ಇಳಿಯದ ಈ ಜನಕ್ಕೆ ಕಾಳಗದ ಪುಣ್ಯದಲ್ಲಿ ಪಾಲಿದೆಯೇ, ಇದ್ದರೆ ಪಾಪದಲ್ಲೂ ಇರಬೇಕಲ್ಲವೇ ಎಂಬುದು ಭಾರತದ ಧರ್ಮಚಿಂತನೆಯಲ್ಲಿ ಬಹಳ ಹಿಂದೆಯೇ ಎದ್ದ ಪ್ರಶ್ನೆ. ಇದನ್ನು ವಿಚಾರಿಸಲು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಷ್ಟು ಅನುಕೂಲವಾದ ಸೀಮೆ ಅಪರೂಪ. ಮಲ್ಲಿಕಾರ್ಜುನನ ನೆಲೆಯಾದ ತೊಗರ್ಸಿಯ ಸುತ್ತಮುತ್ತ ಬಳ್ಳಿಗಾವೆ, ತಾಳಗುಂದ, ಬಂದಳಿಕೆಗಳಿವೆ. ಇದೆಲ್ಲ ಹಿಂದೆ ಬನವಾಸಿ ಪನ್ನಿರ್ಚ್ಛಾಸಿರ (ಹನ್ನೆರಡು ಸಾವಿರ) ಎಂಬ ನಾಡಿಗೆ ಸೇರಿದ ನೆಲ. ಇಲ್ಲಿನ ಗುಡಿಯಂಗಳ, ಕೆರೆಯೇರಿ, ಹೊಲದ ಬದುಗಳಲ್ಲಿ ವೀರಗಲ್ಲುಗಳು ಹೇರಳ. ಬಿ. ಎಲ್. ರೈಸ್ 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಶಿವಮೊಗ್ಗ ಸಂಪುಟಗಳ ಎಷ್ಟೋ ಪುಟಗಳನ್ನು ಅವುಗಳ ಬರಹವೇ ತುಂಬಿದೆ.

ವೀರಗಲ್ಲನ್ನು ಸತ್ತವನು ಹಾಕಿಸಿಕೊಳ್ಳಲಾರ. ಅದು ಉಳಿದವರ ಮಾತು: ಮಗ, ತಮ್ಮ, ಹೆಂಡತಿ, ಊರ ಗಾವುಂಡ ಅಥವಾ ಇಡೀ ಊರು ಆಡಿದ ಮಾತು. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾದಾಟ, ಕೆಲವೊಮ್ಮೆ ಮೂಲೆಯಲ್ಲಿ ತುರುಗಳ ಹಿಂಡು. ನಡುವೆ ವೀರನನ್ನು ಎತ್ತಿ ಒಯ್ಯುವ ಸುರಾಂಗನೆಯರು. ಮೇಲೆ ಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರರು. ಸಂದರ್ಭಗಳೂ ಹೆಚ್ಚು ಬಗೆಯವಲ್ಲ. ತುರುಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆದದ್ದು, ಹೆಂಗಸರ ಮೇಲೆ ಕೈಮಾಡಿದವರನ್ನು ಎದುರಿಸಿದ್ದು, ಊರಳಿವಿನಲ್ಲಿ ಸತ್ತದ್ದು, ಇವುಗಳ ಜೊತೆಗೆ ಅರಸನ ದಂಡಿನಲ್ಲಿ ಹೋಗಿ ಮಡಿದದ್ದು. ಮೊದಲ ಮೂರರಲ್ಲಿ ಹೋರಾಡಿದವನಿಗೂ ಊರಿಗೂ ನಡುವೆ ದೂರವೇ ಇಲ್ಲ. ಊರಿನ ದನ ಉಳಿಯಿತು, ಒಬ್ಬ ಉಳಿಯಲಿಲ್ಲ. ಅವನಿಂದ ಏನು ಪಡೆದೆವೆಂಬುದು ಊರಿಗೆ ಕಣ್ಣೆದುರೇ ಗೊತ್ತು.

ಆ ಲೆಕ್ಕವನ್ನು ಊರು ಹೊಗಳಿಕೆಯಲ್ಲಿ ತೀರಿಸುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ನೆತ್ತರುಗೊಡಗೆ, ಕಲ್ನಾಡು ಎಂಬ ಹೆಸರುಗಳಿಂದ ಶಾಸನಗಳು ಕರೆಯುವುದು ಇಂಥ ದತ್ತಿಗಳನ್ನೇ. ಬದುಕಿ ಬಂದ ವೀರನ ಕತ್ತಿ ತೊಳೆದು ಕೊಡುವ ಬಾಳ್ಗಚ್ಚು ಇನ್ನೊಂದು ಬಗೆ. ಮಂಡ್ಯ ಜಿಲ್ಲೆಯ ಆತಕೂರು ಶಾಸನದಲ್ಲಿ ತಕ್ಕೋಲದ ಕಾಳಗದ ವೀರ ಮಣಲೇರನಿಗೆ ಹಾಗೆ ಕೊಡುಗೆ ಸಂದಿದೆ. ಅದೇ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಬನವಾಸಿ ಪನ್ನಿರ್ಚ್ಛಾಸಿರವನ್ನೇ ಕೊಟ್ಟನೆಂದೂ ಆ ಕಲ್ಲು ಹೇಳುತ್ತದೆ. ಅಂದರೆ ತೊಗರ್ಸಿಯ ಸೀಮೆ ಒಮ್ಮೆ ಇಡಿಯಾಗಿ ಯುದ್ಧದ ಬಹುಮಾನವಾಗಿತ್ತು! ಅರಸನ ಕೊಡುಗೆಗೂ ಊರಿನ ಕೊಡುಗೆಗೂ ಗಾತ್ರದಲ್ಲಿ ಅಜಗಜಾಂತರ. ಆದರೆ ತತ್ತ್ವ ಒಂದೇ: ಇನ್ನೊಬ್ಬನ ನೆತ್ತರಿನಿಂದ ಉಳಿದವನು ತನ್ನದೇನನ್ನಾದರೂ ಬಿಟ್ಟುಕೊಡಬೇಕು.

ವೀರಗಲ್ಲಿಗೆ ಇನ್ನೊಂದು ಮುಖವೂ ಇದೆ. ಅದು ಸತ್ತವನ ಸ್ಮಾರಕವಾಗಿರುವಷ್ಟೇ ಮುಂದೆ ಸಾಯಬೇಕಾದವನಿಗೆ ಕೊಟ್ಟ ಮಾತೂ ಹೌದು. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ಮೈಗೆ ರಣದಲ್ಲಿ ಸಾವು ಬಂದರೆ ಚಿಂತೆ ಏತಕ್ಕೆ ಎಂಬ ಭಾವದ ಸಂಸ್ಕೃತ ಶ್ಲೋಕ ನಾಡಿನ ಎಷ್ಟೋ ವೀರಗಲ್ಲುಗಳಲ್ಲಿ ಮರಳಿ ಮರಳಿ ಬರುತ್ತದೆ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವುದೂ ಬಹುಪಾಲು ಇದನ್ನೇ. ಆದರೆ ಅವನು ಅಲ್ಲಿಗೇ ನಿಲ್ಲುವುದಿಲ್ಲ. ಮರು ಶ್ಲೋಕದಲ್ಲೇ ಸುಖದುಃಖ, ಲಾಭನಷ್ಟ, ಜಯಾಪಜಯಗಳನ್ನು ಸಮವಾಗಿ ಕಂಡು ಯುದ್ಧಕ್ಕೆ ತೊಡಗು ಎನ್ನುತ್ತಾನೆ; ಸ್ವರ್ಗದ ಆಸೆ ಹಿಂದೆ ಸರಿಯುತ್ತದೆ. ಕಲ್ಲುಕುಟಿಗ ಆ ಮರು ಶ್ಲೋಕವನ್ನು ಕೆತ್ತಲಿಲ್ಲ. ಧೈರ್ಯ ತುಂಬುವುದಕ್ಕೆ ಮೊದಲನೆಯದೇ ಸಾಕಾಗಿತ್ತು.

ಈ ಮಾತು ನಿಜವೇ ಎಂದು ಕೇಳಿದವರು ಶ್ರಮಣರು. ಬೌದ್ಧರ ಸಂಯುತ್ತ ನಿಕಾಯದಲ್ಲಿ ಯೋಧರ ಮುಖಂಡನೊಬ್ಬ ಬುದ್ಧನ ಬಳಿಗೆ ಬರುತ್ತಾನೆ. ರಣದಲ್ಲಿ ಹೋರಾಡುತ್ತ ಸತ್ತವನು ದೇವಲೋಕಕ್ಕೆ ಹೋಗುತ್ತಾನೆಂದು ಹಿಂದಿನ ಆಚಾರ್ಯರು ಹೇಳುತ್ತಾರೆ, ನೀವೇನೆನ್ನುತ್ತೀರಿ ಎಂಬುದು ಅವನ ಪ್ರಶ್ನೆ. ಬುದ್ಧ ಉತ್ತರಿಸಲು ಒಪ್ಪುವುದಿಲ್ಲ. ಮತ್ತೆ ಮತ್ತೆ ಕೇಳಿದಾಗ, ಎದುರಾಳಿ ಸಾಯಲಿ, ನಾಶವಾಗಲಿ ಎಂಬ ಕೆಟ್ಟ ಮನಸ್ಸಿನಲ್ಲಿ ಸತ್ತವನಿಗೆ ನರಕವೇ ಗತಿ ಎನ್ನುತ್ತಾನೆ. ಮುಖಂಡ ಅಳುತ್ತಾನೆ. ಬುದ್ಧನ ಮಾತು ಕಹಿಯಾಯಿತೆಂದಲ್ಲ, ಇಷ್ಟು ಕಾಲ ಹಿರಿಯರಿಂದ ಮೋಸಹೋದೆನಲ್ಲ ಎಂದು. ಶ್ವೇತಾಂಬರ ಜೈನರ ಆಗಮವಾದ ಭಗವತೀ ಸೂತ್ರದಲ್ಲಿರುವ ವರುಣನ ಕಥೆ ಇನ್ನೂ ಸೂಕ್ಷ್ಮ. ಅವನು ವ್ರತಧಾರಿ ಶ್ರಾವಕ. ಅರಸನ ಅಪ್ಪಣೆಯಂತೆ ಯುದ್ಧಕ್ಕೆ ಹೋದರೂ ತನ್ನನ್ನು ಮೊದಲು ಹೊಡೆದವನನ್ನಲ್ಲದೆ ಹೊಡೆಯೆನೆಂಬ ನಿಯಮ ಹಿಡಿದವನು. ಸಾಯುವ ಗಾಯವಾದಾಗ ರಣದಿಂದ ಹೊರಬಂದು ರಥದಿಂದಿಳಿದು, ಹಿಂಸೆಯನ್ನು ತ್ಯಜಿಸಿ ಶಾಂತನಾಗಿ ದೇಹ ಬಿಡುತ್ತಾನೆ, ದೇವಲೋಕ ಪಡೆಯುತ್ತಾನೆ. ಪುಷ್ಪವೃಷ್ಟಿಯನ್ನು ಕಂಡ ಜನ ಮಾತ್ರ ಯುದ್ಧದಲ್ಲಿ ಸತ್ತವರೆಲ್ಲ ಸ್ವರ್ಗಕ್ಕೆ ಹೋಗುತ್ತಾರೆಂದು ಹೇಳತೊಡಗುತ್ತಾರೆ.

ಈ ವಾದಗಳು ಬನವಾಸಿ ನಾಡಿಗೆ ಹೊರಗಿನವಲ್ಲ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂಬ ಐದೂ ದೈವಗಳ ಮಠಗಳು ಬಳ್ಳಿಗಾವೆಯಲ್ಲಿದ್ದುದನ್ನು ಶಾಸನಗಳು ಹೆಮ್ಮೆಯಿಂದ ಹೇಳುತ್ತವೆ. 11ನೇ ಶತಮಾನದಲ್ಲಿ ಅಲ್ಲಿ ಬೌದ್ಧ ವಿಹಾರ ಕಟ್ಟಿಸಿದವನು ದಂಡನಾಯಕ, ಎಂದರೆ ಸೇನೆಯವನೇ. ಬಂದಳಿಕೆ ದೊಡ್ಡ ಜೈನ ಕ್ಷೇತ್ರ. 10ನೇ ಶತಮಾನದ ಆರಂಭದಲ್ಲಿ ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತ ನಡೆಸಿದ ಜಕ್ಕಿಯಬ್ಬೆ ಸಲ್ಲೇಖನ ವ್ರತದಿಂದ ದೇಹ ಬಿಟ್ಟಿದ್ದು ಅಲ್ಲಿಯೇ. ಆದರೂ ಕೆಲವು ವೀರಗಲ್ಲುಗಳ ಮೇಲಿನ ಪಟ್ಟಿಕೆಯಲ್ಲಿ ಲಿಂಗದ ಜಾಗದಲ್ಲಿ ಜಿನಬಿಂಬವಿದೆ. ಅಹಿಂಸೆಯನ್ನು ಪರಮ ಧರ್ಮವೆಂದವರ ಊರಲ್ಲೂ ಕಾದಿ ಸತ್ತವನನ್ನು ಬರಿಗೈಯಲ್ಲಿ ಕಳಿಸಲು ಜನಕ್ಕೆ ಮನಸ್ಸಾಗಲಿಲ್ಲ. ಇದನ್ನು ಶಾಸ್ತ್ರದ ಸೋಲು ಎನ್ನುವುದಕ್ಕಿಂತ ಕೃತಜ್ಞತೆ ಶಾಸ್ತ್ರವನ್ನು ಕಾಯದೆ ಮುಂದೆ ಹೋಯಿತು ಎನ್ನುವುದು ಸರಿ.

ಹೊಡೆಯದೆ ಬರೀ ಮೆಚ್ಚಿದವನ ಹೊಣೆಯೇನು ಎಂಬುದನ್ನು ಜೈನರಷ್ಟು ಬಿಡಿಸಿ ನೋಡಿದವರು ವಿರಳ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಕರ್ಮವನ್ನು ಕೃತ, ಕಾರಿತ, ಅನುಮತ ಎಂದು ವಿಂಗಡಿಸುತ್ತದೆ: ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದವರನ್ನು ಒಪ್ಪಿದ್ದು. ಇವನ್ನು ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರರಿಂದಲೂ ಮನ, ಮಾತು, ಮೈ ಎಂಬ ಮೂರರಿಂದಲೂ ಕ್ರೋಧಾದಿ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಬಗೆಗಳಾಗುತ್ತವೆ. ಮನೆಯ ಜಗುಲಿಯಲ್ಲಿ ಕುಳಿತು, ಬಾಯಿಯನ್ನೂ ತೆರೆಯದೆ, ಸಿಟ್ಟಿನಿಂದ ಒಂದು ಸಾವನ್ನು ಮನದಲ್ಲೇ ಒಪ್ಪಿದವನಿಗೂ ಈ ಪಟ್ಟಿಯಲ್ಲಿ ಸ್ಥಾನವಿದೆ. ಮನುಸ್ಮೃತಿಯೂ ಮಾಂಸದ ಪ್ರಸಂಗದಲ್ಲಿ ಅನುಮತಿ ಕೊಟ್ಟವನನ್ನು ಕೊಂದವರ ಸಾಲಿನಲ್ಲಿ ಮೊದಲಿಗನಾಗಿ ಎಣಿಸುತ್ತದೆ. ವಸುಬಂಧುವಿನ ಅಭಿಧರ್ಮಕೋಶದ ಪ್ರಕಾರ ಒಂದೇ ಉದ್ದೇಶದಿಂದ ಕೂಡಿದ ಸೇನೆಯಲ್ಲಿ ಒಬ್ಬ ಕೊಂದರೂ ಎಲ್ಲರೂ ಕೊಂದವರೇ. ಗಾಂಧೀಜಿಯ ನಿಲುವು ಇದಕ್ಕೆ ಹತ್ತಿರ. ಬೋಯರ್ ಯುದ್ಧದಲ್ಲಿ ಗಾಯಾಳುಗಳ ಸೇವಾದಳ ಕಟ್ಟಿದ ಅವರೇ, ಗಾಯಾಳುಗಳ ಶುಶ್ರೂಷೆ ಮಾಡುವವನೂ ಯುದ್ಧದ ದೋಷದಿಂದ ಮುಕ್ತನಲ್ಲವೆಂದು ಮುಂದೆ ಆತ್ಮಕಥೆಯಲ್ಲಿ ಬರೆದರು. ಹಾಗಿದ್ದೂ 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೇನಾಭರ್ತಿಗೆ ಊರೂರು ಅಲೆದರು. ಅದಕ್ಕೆ ಮೊದಲು ಅಲ್ಲಿನ ಸತ್ಯಾಗ್ರಹಕ್ಕೆ ಪುಕ್ಕಟೆಯಾಗಿ ಗಾಡಿ ಕೊಟ್ಟಿದ್ದ ರೈತರು ಈಗ ಬಾಡಿಗೆಗೂ ಕೊಡಲಿಲ್ಲ.

ಸೈನಿಕನಿಗೆ ಧೈರ್ಯ ಹೇಳುವ ಕೆಲಸವನ್ನು ರಾಜನೀತಿ ಮೊದಲಿನಿಂದ ತನ್ನ ವ್ಯವಸ್ಥೆಯೊಳಗೇ ಇಟ್ಟುಕೊಂಡಿದೆ. ಶಸ್ತ್ರ, ಔಷಧಗಳೊಡನೆ ವೈದ್ಯರೂ ಅನ್ನಪಾನಗಳೊಡನೆ ಹೆಂಗಸರೂ ಸೇನೆಯ ಬೆನ್ನಿಗೆ ನಿಂತು ಹುರಿದುಂಬಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ. ಮಹಾಭಾರತ ಮಾತ್ರ ಈ ಹುರಿದುಂಬಿಸುವಿಕೆಯನ್ನು ಸಂಶಯದಿಂದ ನೋಡುತ್ತದೆ. ಆಯುಧ ಹಿಡಿಯೆನೆಂದ ಕೃಷ್ಣ ಸಾರಥಿಯಾಗಿ ಅರ್ಜುನನನ್ನು ಎಬ್ಬಿಸಿದರೆ, ಸಾರಥಿಯ ಅಂಥದೇ ಪೀಠದಲ್ಲಿ ಕುಳಿತ ಶಲ್ಯ ಚುಚ್ಚುಮಾತಿನಿಂದಲೇ ಕರ್ಣನ ತೇಜಸ್ಸನ್ನು ಕುಂದಿಸುತ್ತಾನೆ. ಮಾತು ಕೊಲ್ಲಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ವೀರಗಲ್ಲುಗಳಿಗೆ ತೀರ ಹತ್ತಿರದ್ದು ವಿರಾಟಪರ್ವ, ಏಕೆಂದರೆ ಅಲ್ಲಿರುವುದೂ ತುರುಗೊಳ್ಳುವ ಕಾಳಗವೇ. ಅಂತಃಪುರದಲ್ಲಿ ಕೊಚ್ಚಿಕೊಂಡ ಉತ್ತರಕುಮಾರ ಕೌರವರ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಅವನನ್ನು ಇಂದಿಗೂ ಬಿಟ್ಟಿಲ್ಲ. ಅವನ ತಂಗಿ ಉತ್ತರೆ ಇನ್ನೂ ಎಳೆಯಳು. ಸಾರಥಿಯಾಗಿ ಹೊರಟ ಬೃಹನ್ನಳೆಯನ್ನು ಅವಳೂ ಗೆಳತಿಯರೂ ಕೇಳುವುದು ಗೊಂಬೆಗಳಿಗೆ ಉಡಿಸಲು ಭೀಷ್ಮ ದ್ರೋಣರ ನಯವಾದ ಬಣ್ಣದ ಬಟ್ಟೆಗಳನ್ನು. ಮನೆಯಲ್ಲಿ ಉಳಿದವರಿಗೆ ಯುದ್ಧ ಹೇಗೆ ಕಾಣುತ್ತದೆಂಬುದನ್ನು ವ್ಯಾಸರು ಒಂದು ಕೋರಿಕೆಯಲ್ಲಿ ಹೇಳಿಬಿಟ್ಟಿದ್ದಾರೆ. ದೂರದರ್ಶನದ ಮುಂದೆ ಕುಳಿತು ಕ್ಷಿಪಣಿ ಎಣಿಸುವವರು ಉತ್ತರೆಯಷ್ಟು ಮುಗ್ಧರೂ ಅಲ್ಲ.

ಗೌರವವೇ ಒತ್ತಾಯವಾಗುವ ಅಪಾಯವೂ ಉಂಟು. ವೀರಗಲ್ಲುಗಳ ಪಕ್ಕದಲ್ಲೇ ಸೊರಬ ಸೀಮೆಯಲ್ಲಿ ಮಾಸ್ತಿಕಲ್ಲುಗಳಿವೆ: ಬಳೆ ತೊಟ್ಟು ಮೇಲೆತ್ತಿದ ತೋಳು, ಕೈಯಲ್ಲಿ ನಿಂಬೆಹಣ್ಣು. ಗಂಡನಿಗೆ ಸಂದ ಹೊಗಳಿಕೆಗೆ ತಕ್ಕಂತೆ ನಡೆಯಬೇಕೆಂಬ ನಿರೀಕ್ಷೆ ಹೆಂಡತಿಯನ್ನೂ ಚಿತೆಗೆ ತಂದಿತು. ಅದೇ ರೀತಿ ಒಡೆಯನ ಅನ್ನ ತಿಂದವನು ಅವನಿಗಾಗಿ ಸಾಯಬೇಕೆಂಬ ಜೋಳವಾಳಿಯ, ಒಡೆಯನೊಡನೆಯೇ ಸಾಯುವ ವೇಳೆವಾಳಿಯ ಕಟ್ಟುಪಾಡುಗಳನ್ನು ಎಂ. ಚಿದಾನಂದಮೂರ್ತಿ ಶಾಸನಗಳಿಂದ ಹೆಕ್ಕಿ ವಿವರಿಸಿದ್ದಾರೆ. ಅಂಥ ಸಾವುಗಳಿಗೆ ಊರು ಚಪ್ಪಾಳೆ ತಟ್ಟಿದಾಗ ತಾನು ಯಾವುದನ್ನು ಒಪ್ಪುತ್ತಿದ್ದೇನೆಂದು ಕೇಳಿಕೊಂಡಂತಿಲ್ಲ.

ಒಪ್ಪಿಗೆಗೆ ಬೆಲೆಯಿರುವುದು ಒಪ್ಪದಿರಲೂ ಸಾಧ್ಯವಿದ್ದಾಗ. ಶಿಕಾರಿಪುರ ತಾಲ್ಲೂಕಿನ ಈಸೂರು ಅದನ್ನು 1942ರಲ್ಲಿ ತೋರಿಸಿತು. ಎರಡನೆಯ ಮಹಾಯುದ್ಧಕ್ಕೆ ಭಾರತವನ್ನು ಕೇಳದೆಯೇ ಎಳೆದು ತರಲಾಗಿತ್ತು. ಮೈಸೂರು ಸಂಸ್ಥಾನ ಬ್ರಿಟಿಷರ ಯುದ್ಧಪ್ರಯತ್ನಕ್ಕೆ ಹಣವನ್ನೂ ಪಡೆಗಳನ್ನೂ ಒದಗಿಸುತ್ತಿತ್ತು. ಈಸೂರಿನವರು ಕಂದಾಯ ಕೊಡೆವೆಂದರು, ವೀರಭದ್ರನ ಗುಡಿಯ ಮೇಲೆ ಧ್ವಜ ಏರಿಸಿದರು, ಸ್ವತಂತ್ರ ಗ್ರಾಮವೆಂದು ಸಾರಿ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದರು. ಸೆಪ್ಟೆಂಬರ್ ಕೊನೆಯ ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರನೂ ಸಬ್ ಇನ್‌ಸ್ಪೆಕ್ಟರೂ ಸತ್ತರು. ಆಮೇಲೆ ಊರಿಗೆ ನುಗ್ಗಿದ ಪಡೆ ಮನೆಗಳನ್ನು ಹಾಳುಗೆಡವಿತು. 1943ರ ಮಾರ್ಚ್‌ನಲ್ಲಿ ಐವರಿಗೆ ಗಲ್ಲಾಯಿತು. ಈಸೂರಿನ ನೆನಪಿನಲ್ಲಿ ಆ ಐವರು ಹುತಾತ್ಮರು. ಸತ್ತ ಇಬ್ಬರು ನೌಕರರ ವಿಷಯದಲ್ಲಿ ಅನುಮತದ ಪ್ರಶ್ನೆ ಇಲ್ಲಿಯೂ ಹಾಗೆಯೇ ನಿಲ್ಲುತ್ತದೆ. ಕಾರಣ ನ್ಯಾಯವಾದುದೆಂಬುದು ಹೊಣೆಯನ್ನು ಹಗುರ ಮಾಡಬಹುದು, ಅಳಿಸುವುದಿಲ್ಲ.

ಸ್ವಾತಂತ್ರ್ಯದ ನಂತರ ಸೇನೆ ಅರಸನದಾಗಿ ಉಳಿಯದೆ ಮತದಾರರದಾಯಿತು. ಹೀಗಾಗಿ ನಾಗರಿಕನ ಪಾಲು ಹೆಚ್ಚಿತೇ ವಿನಾ ಕಡಿಮೆಯಾಗಲಿಲ್ಲ. 1962ರಲ್ಲಿ ಚೀನಾ ಯುದ್ಧದ ಹೊತ್ತಿಗೆ ರಾಷ್ಟ್ರೀಯ ರಕ್ಷಣಾ ನಿಧಿಗೆ ಹೆಂಗಸರು ಮೈಮೇಲಿನ ಚಿನ್ನ ಬಿಚ್ಚಿಕೊಟ್ಟರು. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಸೋಮವಾರದ ಒಂದು ಹೊತ್ತಿನ ಊಟ ಬಿಡಿ ಎಂದಾಗ ಅದು ಶಿವನ ವಾರದ ಉಪವಾಸಕ್ಕೆ ಸುಲಭವಾಗಿ ಹೊಂದಿಕೊಂಡಿತು. ಈ ಎರಡರಲ್ಲೂ ನೆತ್ತರುಗೊಡಗೆಯ ಗುಣವಿದೆ. ಕೊಟ್ಟವರಿಗೆ ಏನೋ ಕಡಿಮೆಯಾಗುತ್ತದೆ.

ಪ್ರಾರ್ಥನೆಯಲ್ಲಿ ಹಾಗೆ ಏನೂ ಕಡಿಮೆಯಾಗುವುದಿಲ್ಲ, ಆದ್ದರಿಂದ ಅದರ ಪರೀಕ್ಷೆ ಬೇರೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಡನೆ ಸಂಘರ್ಷ ನಡೆದಾಗ ಮುಜರಾಯಿ ಇಲಾಖೆಯ ದೇವಾಲಯಗಳಲ್ಲಿ ಸೈನಿಕರ ಹೆಸರಿನಲ್ಲಿ ವಿಶೇಷ ಪೂಜೆ ನಡೆಸುವಂತೆ ರಾಜ್ಯ ಸರ್ಕಾರ ಸೂಚಿಸಿತು. ಶುಕ್ರವಾರದ ನಮಾಜಿನಲ್ಲಿ ಮಸೀದಿಗಳಲ್ಲೂ ಪ್ರಾರ್ಥನೆ ನಡೆಸುವಂತೆ ಸೂಚನೆ ಹೋಯಿತು. ಇಂಥ ಪೂಜೆಯ ಸಾರ ಸಂಕಲ್ಪದಲ್ಲಿದೆ. ಸೈನಿಕನ ಆಯುರಾರೋಗ್ಯಕ್ಕಾಗಿ ಎಂದರೆ ಅದು ಒಬ್ಬ ಮನುಷ್ಯ ಮನೆಗೆ ಮರಳಲೆಂಬ ಹಾರೈಕೆ. ಜೈನ ಗಣಿತದಲ್ಲೂ ಅದಕ್ಕೆ ದೋಷವಿಲ್ಲ. ಶತ್ರುನಾಶಕ್ಕಾಗಿ ಎಂದರೆ ಅರ್ಚಕನೂ ಆರತಿಗೆ ಕೈಯೊಡ್ಡಿದವನೂ ಆ ನಾಶದಲ್ಲಿ ಪಾಲುದಾರರು. ವಿಜಯಕ್ಕಾಗಿ ಎಂಬುದು ಇವೆರಡರ ನಡುವಿನದು, ಜನ ಹೆಚ್ಚಾಗಿ ಕೇಳಿಕೊಳ್ಳುವುದೂ ಅದನ್ನೇ. ಗಾಯಗೊಂಡ ಹೊತ್ತಿನಲ್ಲಿ ಈ ತೊಡಕೇ ಇರುವುದಿಲ್ಲ: 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಬದುಕುಳಿದಿದ್ದ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ದೆಹಲಿಯ ಆಸ್ಪತ್ರೆಯಲ್ಲಿದ್ದಾಗ ನಾಡಿನುದ್ದಕ್ಕೂ ನಡೆದ ಪ್ರಾರ್ಥನೆಗಳಿಗೆ ಎದುರಾಳಿಯೇ ಇರಲಿಲ್ಲ.

ಯುದ್ಧ ನಿಂತ ಮೇಲಿನ ಹೊಣೆಯನ್ನು ಈಗ ಬಹುಮಟ್ಟಿಗೆ ಸರ್ಕಾರ ಹೊತ್ತಿದೆ. ಪಿಂಚಣಿ, ಪರಿಹಾರ, ಸೈನಿಕ ಕಲ್ಯಾಣ ಇಲಾಖೆ ಇವೆಲ್ಲ ಕಲ್ನಾಡಿನ ಜಾಗಕ್ಕೆ ಬಂದಿವೆ. ನಾಗರಿಕರಿಗೆ ನೇರವಾಗಿ ಉಳಿದಿರುವ ದಾರಿಗಳಲ್ಲಿ ಒಂದು 1949ರಿಂದ ಪ್ರತಿ ಡಿಸೆಂಬರ್ 7ರಂದು ಆಚರಿಸುವ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿ. ಯುದ್ಧದಲ್ಲಿ ಸತ್ತವರ, ಅಂಗಹೀನರಾದವರ ಕುಟುಂಬಗಳ ಪುನರ್ವಸತಿ, ಸೇವೆಯಲ್ಲಿರುವವರ ಮತ್ತು ಅವರ ಮನೆಯವರ ಯೋಗಕ್ಷೇಮ, ಮಾಜಿ ಸೈನಿಕರ ನೆರವು ಅದರ ಉದ್ದೇಶಗಳು.